ಎಣಿಸುವ ಮೊದಲು ಕೇಳಿದ್ದು: ವಿಧಾನ ಬದಲಿಸಿದ ನನ್ನ ಅನುಭವ

ರಕ್ತದೊತ್ತಡದ ಮಾತ್ರೆಯನ್ನು ಜನ ಅರ್ಧಕ್ಕೇ ಏಕೆ ಬಿಡುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಸಂಶೋಧನೆಯ ರೂಪುರೇಷೆಯಾದ ಸಿನಾಪ್ಸಿಸ್‌ನಲ್ಲಿ ‘ಪರಿಮಾಣಾತ್ಮಕ ಅಧ್ಯಯನ, ಮಾದರಿ ಗಾತ್ರ 384’ ಎಂದು ಬರೆದಿದ್ದೆ, ಅಂದರೆ 384 ಜನರನ್ನು ಕೇಳಿ ಉತ್ತರಗಳನ್ನು ಎಣಿಸುವುದು. ನಿಜ ಹೇಳಬೇಕೆಂದರೆ ಆ ವಿಧಾನವನ್ನು ನಾನು ಆರಿಸಿಕೊಂಡಿರಲೇ ಇಲ್ಲ. ವಿಭಾಗದಲ್ಲಿ ಎಲ್ಲರೂ ಪ್ರಶ್ನಾವಳಿ ಮಾಡುತ್ತಿದ್ದರು, ನಾನೂ ಮಾಡಿದೆ.

ಪೈಲಟ್ ಎಂದು, ಅಂದರೆ ಪ್ರಯೋಗಕ್ಕಾಗಿ, ಮೊದಲ ಮೂವತ್ತು ಪ್ರತಿ ತುಂಬಿಸಿದೆ. ‘ಮಾತ್ರೆ ತಪ್ಪಲು ಮುಖ್ಯ ಕಾರಣ’ ಎಂಬ ಪ್ರಶ್ನೆಗೆ ಐದು ಆಯ್ಕೆ ಕೊಟ್ಟಿದ್ದೆ. ಹೆಚ್ಚಿನವರು ಗುರುತು ಹಾಕಿದ್ದು ‘ಮರೆವು’ ಎಂಬಲ್ಲಿ. ಅಂಕಿ ಅಚ್ಚುಕಟ್ಟಾಗಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ ಎಂಬ ಸಲಹೆಯ ಪ್ಯಾರಾ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಕೊನೆಯ ಹಾಳೆ ವಾಪಸ್ ಕೊಡುತ್ತ ಹಿರಿಯ ಮಹಿಳೆಯೊಬ್ಬರು ತಾವಾಗಿಯೇ ಹೇಳಿದರು: “ನೋಡಮ್ಮ, ಮರೆತೆ ಅಂದ್ರೆ ಯಾರೂ ಬಯ್ಯಲ್ಲ. ಅದಕ್ಕೇ ಅಲ್ಲಿ ಗುರುತು ಹಾಕಿದೀನಿ.”

“ಹಾಗಾದ್ರೆ ನೀವು ಮರೆಯಲ್ವಾ ಅಮ್ಮ?”

“ದಿನಾ ಕಣ್ಣೆದುರಿಗೇ ಇರೋದನ್ನ ಮರೆಯೋದು ಹೇಗೆ? ಮೈ ಹಗುರ ಇದ್ದ ದಿನ ಯಾಕೆ ಬೇಕು ಅನ್ಸುತ್ತೆ, ಬಿಡ್ತೀನಿ.”

ರಕ್ತದೊತ್ತಡ ಏರಿದ್ದು ಬಹಳ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಆಕೆ ಮಾತ್ರ ಮೈಯನ್ನೇ ಮಾಪನವಾಗಿ ಇಟ್ಟುಕೊಂಡಿದ್ದರು. ನನ್ನ ಐದು ಆಯ್ಕೆಗಳಲ್ಲಿ ಆ ಕಾರಣಕ್ಕೆ ಜಾಗವೇ ಇರಲಿಲ್ಲ. ನಾಲ್ಕು ಸಾವಿರ ಜನರಿಗೆ ಅದೇ ಹಾಳೆ ಕೊಟ್ಟಿದ್ದರೂ ‘ಮರೆವು’ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಅಷ್ಟೇ.

ಗೈಡ್ ಹತ್ತಿರ ಹೋದೆ. ಅವರು ಸಿನಾಪ್ಸಿಸ್ ಮೇಲೆ ಎರಡು ಕಡೆ ಪೆನ್ಸಿಲ್ ಆಡಿಸಿದರು. “ಶೀರ್ಷಿಕೆಯಲ್ಲಿ ‘ಯಾಕೆ’ ಅಂತಿದೆ, ಒಳಗೆ ‘ಎಷ್ಟು ಜನ’ ಅಂತ ಅಳೀತಿದ್ದೀಯ. ಏನನ್ನ ಎಣಿಸಬೇಕು ಅಂತ ಮೊದಲು ಗೊತ್ತು ಮಾಡ್ಕೊಂಡು ಬಾ.”

ಅಂದು ಕುಳಿತು ಆ 384ರ ಲೆಕ್ಕವನ್ನೂ ನೋಡಿದೆ. 95% ವಿಶ್ವಾಸ ಮಟ್ಟಕ್ಕೆ (ನೂರರಲ್ಲಿ 95 ಸಲ ಅಂದಾಜು ಸರಿ ಬರಲಿ ಎಂಬುದಕ್ಕೆ) ಸೂತ್ರದಲ್ಲಿ ಹಾಕುವ ಸಂಖ್ಯೆ 1.96, ಅದರ ವರ್ಗವನ್ನು 0.25ರಿಂದ ಗುಣಿಸಿ, 5% ದೋಷಮಿತಿಯ (ಅಂದಾಜು ಆಚೀಚೆ ಆಗಬಹುದಾದ ಅಂತರದ) ವರ್ಗದಿಂದ, ಅಂದರೆ 0.0025ರಿಂದ, ಭಾಗಿಸಿದರೆ 384.16. ಎಷ್ಟೋ ಪ್ರಬಂಧಗಳಲ್ಲಿ ಕಾಣುವ ಸಂಖ್ಯೆ ಇದು. ಇದು ನಿಲ್ಲುವುದು ಮಾದರಿಯನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಆರಿಸಿದಾಗ ಮಾತ್ರ. ಹೊರರೋಗಿ ವಿಭಾಗದಲ್ಲಿ ಆ ದಿನ ಸಿಕ್ಕವರನ್ನು ಹಿಡಿದು ತುಂಬಿಸಿದರೆ ಸೂತ್ರ ನಮ್ಮನ್ನು ಕಾಯುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಹೇಳಿತು, ಗೆದ್ದವರು ರೂಸ್‌ವೆಲ್ಟ್. ಪತ್ರಿಕೆ ಹೆಸರುಗಳನ್ನು ಆಯ್ದದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಉತ್ತರ ಕಳಿಸಿದವರೂ ಎಲ್ಲರಂಥವರಾಗಿರಲಿಲ್ಲ.

ನಾನು ಪ್ರಶ್ನಾವಳಿ ಪಕ್ಕಕ್ಕಿಟ್ಟು ಸಂದರ್ಶನಕ್ಕೆ ಇಳಿದೆ. ಹೀಗೆ ಎಣಿಸದೆ ಮಾತನ್ನು ಕೇಳಿ ಅರ್ಥ ಹುಡುಕುವ ಗುಣಾತ್ಮಕ ವಿಧಾನ ಸುಲಭ, ಸ್ಟಾಟಿಸ್ಟಿಕ್ಸ್ ಕಾಟವಿಲ್ಲ ಎಂದು ಅದರತ್ತ ಬರುವವರಿದ್ದಾರೆ. ಅವರಿಗೆ ಇದೊಂದನ್ನು ಹೇಳಲೇಬೇಕು: ಒಂದು ಗಂಟೆಯ ಧ್ವನಿಮುದ್ರಣವನ್ನು ಮಾತು ಬಿಡದೆ ಬರೆದಿಳಿಸಲು ನನಗೆ ಐದಾರು ಗಂಟೆ ಹಿಡಿಯಿತು. ಬರೆದ ಮೇಲೆ ಸಾಲುಸಾಲಿಗೂ ಕೋಡ್, ಅಂದರೆ ಅದರ ಅರ್ಥ ಹೇಳುವ ಚಿಕ್ಕ ಹೆಸರು, ಹಾಕಬೇಕು. ನಾನೂ ಒಬ್ಬ ಸಹಪಾಠಿಯೂ ಅದೇ ಪುಟಗಳಿಗೆ ಬೇರೆಬೇರೆಯಾಗಿ ಕೋಡ್ ಹಾಕಿದೆವು. ಮೊದಲ ಸುತ್ತಿನಲ್ಲಿ ಇಬ್ಬರದೂ ಎಷ್ಟೋ ಕಡೆ ಹೊಂದಲಿಲ್ಲ. ‘ಭಯ’ ಎಂದರೆ ನನಗೆ ರೋಗದ ಭಯ, ಆತನಿಗೆ ಮಾತ್ರೆಯ ಭಯ. ಆ ಜಗಳದಲ್ಲಿಯೇ ಅದನ್ನು ಎರಡು ಕೋಡ್‌ಗಳಾಗಿ ಒಡೆದೆವು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ವಾರ.

ಎಷ್ಟು ಸಂದರ್ಶನ ಸಾಕು ಎಂಬ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ 60 ಸಂದರ್ಶನಗಳನ್ನು ಪರಿಶೀಲಿಸಿದಾಗ ಬಹುಪಾಲು ಕೋಡ್‌ಗಳು ಮೊದಲ 12ರಲ್ಲಿಯೇ ಬಂದುಬಿಟ್ಟಿದ್ದವು. ಆ 12 ಈಗ ಇನ್ನೊಂದು 384 ಆಗಿದೆ. ಅಲ್ಲಿ ಮಾತಾಡಿದವರು ಸಾಕಷ್ಟು ಒಂದೇ ಬಗೆಯ ಗುಂಪಿನವರು, ಪ್ರಶ್ನೆಗಳೂ ಒಂದೇ ಚೌಕಟ್ಟಿನವು. ನನ್ನವರಲ್ಲಿ ಕೂತು ಕೆಲಸ ಮಾಡುವವರೂ ಇದ್ದರು, ದಿನವಿಡೀ ಪ್ರಯಾಣ ಮಾಡುವವರೂ ಇದ್ದರು. ಹನ್ನೆರಡು ದಾಟಿದ ಮೇಲೆಯೇ ಒಬ್ಬ ಚಾಲಕರು ಹೇಳಿದರು: ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಗಾಡಿಯನ್ನು ಪದೇಪದೇ ನಿಲ್ಲಿಸಬೇಕಾಗುತ್ತದೆ, ಅದಕ್ಕೆ ಕೆಲಸದ ದಿನ ನುಂಗುವುದಿಲ್ಲ. ಹನ್ನೆರಡಕ್ಕೆ ನಿಲ್ಲಿಸಿದ್ದರೆ ಇದು ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಇಲ್ಲಿ ನಾನು ಒಂದು ತಪ್ಪನ್ನೂ ಮಾಡಿದೆ. ಮೊದಲ ಕರಡಿನಲ್ಲಿ ‘ಇಷ್ಟು ಶೇಕಡಾ ಜನ ಮೈ ಹಗುರವಾದಾಗ ಮಾತ್ರೆ ಬಿಡುತ್ತಾರೆ’ ಎಂದು ಬರೆದೆ. ಬಗೆಬಗೆಯ ಕಾರಣ ಸಿಗಲಿ ಎಂದೇ ಹುಡುಕಿ ಆರಿಸಿದ ಜನರಿಂದ ಶೇಕಡಾವಾರು ತೆಗೆಯುವುದು ಸಲ್ಲದು. ಗೈಡ್ ಅದನ್ನು ಹೊಡೆದುಹಾಕಿದರು. ಕಾರಣ ಇದೆ ಎಂದು ಸಂದರ್ಶನ ತೋರಿಸುತ್ತದೆ, ಎಷ್ಟು ಹರಡಿದೆ ಎಂದು ಹೇಳಲು ಅದಕ್ಕೆ ಆಗದು.

ಆದ್ದರಿಂದ ಎರಡನೇ ಹಂತದಲ್ಲಿ ಮತ್ತೆ ಪ್ರಶ್ನಾವಳಿಗೆ ಬಂದೆ. ಮಾತು, ಎಣಿಕೆ ಎರಡರ ಇಂಥ ಬೆರಕೆ ಹೊಸದೇನಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನಲ್ಲಿ ಗಿರಣಿ ಮುಚ್ಚಿ ಜನ ಕೆಲಸ ಕಳೆದುಕೊಂಡಾಗ ಸಮಾಜ ಸಂಶೋಧಕರಾದ ಮೇರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ತಂಡದವರು ಮನೆಮನೆಯ ಮಾತನ್ನೂ ಕೇಳಿದರು, ಮರೆಯಲ್ಲಿ ನಿಂತು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು, ದಾರಿಯಲ್ಲಿ ಹೆಚ್ಚು ಸಲ ನಿಲ್ಲುತ್ತಿದ್ದರು. ಗಂಡಸರಿಗೆ ಹೊತ್ತು ಕರಗಿಹೋಗಿದೆ ಎಂಬುದು ಅವರ ದಿನಚರಿಯ ಹಾಳೆಗಳಲ್ಲೂ ಕಂಡಿತು, ಗಡಿಯಾರದಲ್ಲೂ ಕಂಡಿತು. ಆ ಅಧ್ಯಯನ ಓದಿದಾಗ ನನಗೆ ಧೈರ್ಯ ಬಂತು.

ಹೊಸ ಪ್ರಶ್ನಾವಳಿ ಎರಡೇ ಪುಟ. ‘ಮುಖ್ಯ ಕಾರಣ’ ಎಂಬ ಪ್ರಶ್ನೆಯನ್ನು ತೆಗೆದೆ. ಅದರ ಜಾಗದಲ್ಲಿ ‘ಮೈ ಚೆನ್ನಾಗಿದೆ ಅನ್ನಿಸಿದ ದಿನ ಮಾತ್ರೆ ಬಿಟ್ಟದ್ದುಂಟೆ?’ ಎಂದು ನೇರವಾಗಿ ಕೇಳಿದೆ. ಆಮೇಲೆ ಗೊತ್ತಾಯಿತು, 1986ರಲ್ಲಿ ಮೊರಿಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ, ಜನ ಮಾತ್ರೆ ಎಷ್ಟು ತಪ್ಪದೆ ನುಂಗುತ್ತಾರೆ ಎಂದು ಅಳೆಯುವ ನಾಲ್ಕು ಪ್ರಶ್ನೆಗಳ ಮಾಪಕದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಇದೆ. ಮೊದಲೇ ಓದಬೇಕಿತ್ತು. ಆದರೆ ನಾನು ಸೇರಿಸಿದ ಪ್ರಯಾಣದ ದಿನದ ಪ್ರಶ್ನೆ ಆ ನಾಲ್ಕರಲ್ಲಿ ಇಲ್ಲ, ಅದು ಚಾಲಕರು ಕೊಟ್ಟದ್ದು.

ಈಗ ವಿದ್ಯಾರ್ಥಿಗಳು ಯಾವ ವಿಧಾನ ಎಂದು ಕೇಳಿಕೊಂಡು ಬಂದರೆ ಒಂದು ಖಾಲಿ ಹಾಳೆ ಕೊಡುತ್ತೇನೆ. ಡೇಟಾ ಇಲ್ಲದೆಯೇ ನಿನ್ನ ಫಲಿತಾಂಶದ ಕೋಷ್ಟಕ ಬರೆ, ಅಂಕಿಗಳ ಜಾಗ ಖಾಲಿ ಬಿಡು ಎನ್ನುತ್ತೇನೆ. ಅಡ್ಡಸಾಲು, ಕಂಬಸಾಲುಗಳ ಹೆಸರನ್ನು ತಡವರಿಸದೆ ಬರೆದು, ಆ ಹೆಸರು ಎಲ್ಲಿಂದ ಬಂತೆಂದೂ ಹೇಳಬಲ್ಲವರು ಎಣಿಸಲು ಹೋಗಬಹುದು. ಹೆಸರೇ ಹೊಳೆಯದಿದ್ದರೆ, ಅಥವಾ ಹೊಳೆದದ್ದೆಲ್ಲ ತಮ್ಮ ಊಹೆಯೇ ಆಗಿದ್ದರೆ, ಮೊದಲು ಮಾತಾಡಿಸಲು ಹೋಗಬೇಕು. ನಾಲ್ಕೈದು ಜನರನ್ನು ಮಾತಾಡಿಸಿ ಬಂದವರು ಹೊಸ ಹಾಳೆ ಕೇಳುತ್ತಾರೆ.