ಅಮೆರಿಕದಲ್ಲಿ ಕಾಲಿನ ನರ ಉಬ್ಬಿದರೆ: ಸ್ಕ್ಯಾನ್‌ನಿಂದ ಬಿಲ್‌ವರೆಗೆ

ಊರಲ್ಲಿ ಡಾಕ್ಟರ್ ಚೀಟಿ ಬರೆದುಕೊಟ್ಟರೆ ಸಾಕು. ನೇರ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿ, ದುಡ್ಡು ಕಟ್ಟಿ, ಸಂಜೆಯೊಳಗೆ ಫಿಲ್ಮು, ರಿಪೋರ್ಟು ಹಿಡಿದು ಮನೆಗೆ ಬರುತ್ತೇವೆ. ಅಮೆರಿಕಕ್ಕೆ ಹೊಸದಾಗಿ ಬಂದವರು ಇದೇ ಲೆಕ್ಕದಲ್ಲಿ ಹೊರಟರೆ ಕೈ ಸುಡುತ್ತದೆ. ಇಲ್ಲಿ ಯಾವುದಾದ ಮೇಲೆ ಯಾವುದು ಅನ್ನೋ ಕ್ರಮ ತಪ್ಪಿದರೆ ಇನ್ಶೂರೆನ್ಸ್ ಕೈ ಎತ್ತಿಬಿಡುತ್ತದೆ. ವೆರಿಕೋಸ್ ವೇನ್ಸ್, ಅಂದರೆ ಕಾಲಿನ ನರ ಉಬ್ಬುವ ತೊಂದರೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ನಮ್ಮವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ತಡೆದುಕೊಳ್ಳುವವರು ಜಾಸ್ತಿ.

ಕಾಲಿನ ರಕ್ತ ಮೇಲೆ ಹೃದಯದ ಕಡೆ ಹೋಗಬೇಕಲ್ವಾ? ಅದು ಕೆಳಕ್ಕೆ ಜಾರದಂತೆ ರಕ್ತನಾಳದೊಳಗೆ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಸಂಜೆ ಹೊತ್ತಿಗೆ ಕಾಲು ಭಾರ, ಸೆಳೆತ, ಹಿಮ್ಮಡಿ ಹತ್ತಿರ ಊತ, ತುರಿಕೆ. ಹಾಗೇ ಬಿಟ್ಟರೆ ಚರ್ಮ ಕಪ್ಪಾಗಿ ಹುಣ್ಣೂ ಆಗಬಹುದು.

ಮೊದಲು ನಿಮ್ಮ ಪ್ರೈಮರಿ ಕೇರ್ ಡಾಕ್ಟರ್, ಅಂದರೆ ಏನೇ ತೊಂದರೆಯಿದ್ದರೂ ಮೊದಲು ನೋಡುವ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿ. ಎಚ್‌ಎಂಒ ಪ್ಲಾನ್, ಅಂದರೆ ಗೊತ್ತು ಮಾಡಿದ ಡಾಕ್ಟರುಗಳ ಬಳಗದೊಳಗೇ ತೋರಿಸಿಕೊಳ್ಳಬೇಕಾದ ಇನ್ಶೂರೆನ್ಸ್ ಆದರೆ ಸಾಮಾನ್ಯವಾಗಿ ಅವರ ರೆಫರಲ್ (ಶಿಫಾರಸು ಚೀಟಿ) ಇಲ್ಲದೆ ಮುಂದೆ ಹೋಗಲಾಗುವುದಿಲ್ಲ. ಅಲ್ಲಿ ಸಂಕೋಚ ಬೇಡ. "ಏನೋ ಸ್ವಲ್ಪ ನೋವು" ಅಂತ ತೇಲಿಸಿ ಹೇಳುವುದು ನಮ್ಮ ಅಭ್ಯಾಸ. ಎಷ್ಟು ಹೊತ್ತು ನಿಂತರೆ ನೋವು ಬರುತ್ತದೆ, ಯಾವ ಕೆಲಸ ಆಗುತ್ತಿಲ್ಲ, ರಾತ್ರಿ ನಿದ್ದೆ ಕೆಡುತ್ತದೆಯೇ, ಎಲ್ಲ ಬಿಡಿಸಿ ಹೇಳಿ. ಡಾಕ್ಟರ್ ಬರೆದುಕೊಳ್ಳುವ ಆ ಮಾತುಗಳನ್ನೇ ಮುಂದೆ ಇನ್ಶೂರೆನ್ಸ್‌ನವರು ಓದುವುದು. ಬರೀ ಜೇಡರ ಬಲೆಯಂತೆ ಕಾಣುವ ತೆಳು ಗೆರೆಗಳಾದರೆ ಅದನ್ನು ಅಂದಕ್ಕೆ ಮಾಡಿಸಿಕೊಳ್ಳುವ ಚಿಕಿತ್ಸೆ ಎಂದು ನೋಡುತ್ತಾರೆ, ಹಣ ಕೊಡುವುದಿಲ್ಲ.

ಆಮೇಲೆ ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್. 20–30 ಎಂಎಂಎಚ್‌ಜಿ ಒತ್ತಡದ್ದನ್ನು ಹೇಳುವುದು ಹೆಚ್ಚು. ಬಹಳಷ್ಟು ಇನ್ಶೂರೆನ್ಸ್ ಕಂಪನಿಗಳು 6 ವಾರದಿಂದ 3 ತಿಂಗಳು ಇದನ್ನು ಹಾಕಿಕೊಂಡು ನೋಡಿ, ಗುಣ ಕಾಣದಿದ್ದರಷ್ಟೇ ಮುಂದಿನ ಚಿಕಿತ್ಸೆಗೆ ಒಪ್ಪುತ್ತವೆ. ಸುಮ್ನೆ ಕಾಲ ಕಳೆಯುತ್ತಿದ್ದಾರೆ ಅನ್ನಿಸುತ್ತದೆ, ಆದರೂ ಹಾಕಿಕೊಳ್ಳಿ. ಕೊಂಡ ರಸೀದಿ ಇಟ್ಟುಕೊಳ್ಳಿ. ಬೆಳಿಗ್ಗೆ ಕಾಲು ಊದಿಕೊಳ್ಳುವ ಮುಂಚೆ, ಮಂಚದ ಮೇಲೇ ಕೂತು ಹಾಕಿಕೊಂಡರೆ ಸಲೀಸು.

ಮುಖ್ಯ ಪರೀಕ್ಷೆ ಡಾಪ್ಲರ್ ಅಲ್ಟ್ರಾಸೌಂಡ್. ನಿಮ್ಮನ್ನು ನಿಲ್ಲಿಸಿ, ಕಾಲಿಗೆ ಜೆಲ್ ಹಚ್ಚಿ, ಮೀನಖಂಡವನ್ನು ಒತ್ತಿ ಬಿಡುತ್ತಾರೆ. ಒತ್ತಿದಾಗ ರಕ್ತ ಮೇಲಕ್ಕೆ ನುಗ್ಗುವ ಬುಸ್ ಅನ್ನೋ ಸದ್ದು ಯಂತ್ರದಲ್ಲಿ ಕೇಳಿಸುತ್ತದೆ. ಬಿಟ್ಟಾಗ ಚರ್ಮದ ಹತ್ತಿರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ನೋವಿಲ್ಲ, ವಿಕಿರಣವಿಲ್ಲ. ಟೆಕ್ನಿಷಿಯನ್ ಎಷ್ಟು ಕೇಳಿದರೂ ಫಲಿತಾಂಶ ಹೇಳುವುದಿಲ್ಲ. ಅವರ ಮೌನ ನೋಡಿ ಗಾಬರಿಯಾಗಬೇಡಿ, ಹೇಳುವುದು ಡಾಕ್ಟರ ಕೆಲಸ.

ಚಿಕಿತ್ಸೆಗೆ ಈಗ ದೊಡ್ಡ ಆಪರೇಷನ್ ಬೇಕಾಗುವುದು ಅಪರೂಪ. ಸೂಜಿ ತೂರುವಷ್ಟು ಜಾಗದಿಂದ ತೆಳ್ಳನೆಯ ನಳಿಕೆ ಕಳಿಸಿ, ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಕೆಟ್ಟ ನಾಳವನ್ನು ಒಳಗೇ ಮುಚ್ಚುತ್ತಾರೆ. ಕಾಲಿಗಷ್ಟೇ ಮರಗಟ್ಟುವ ಮದ್ದು. ಅವತ್ತೇ ನಡೆದುಕೊಂಡು ಮನೆಗೆ ಬರಬಹುದು, ಕಾರು ಓಡಿಸಲು ಮಾತ್ರ ಜೊತೆಗೊಬ್ಬರಿರಲಿ. ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕಾಲಿನ ಹೆಚ್ಚಿನ ರಕ್ತ ಹೋಗುವುದು ಆಳದ ನಾಳಗಳಲ್ಲಿ, ಉಳಿದದ್ದೂ ಅವುಗಳ ದಾರಿ ಹಿಡಿಯುತ್ತದೆ.

ದಿನ ಗೊತ್ತು ಮಾಡುವ ಮುಂಚೆ ಪ್ರಯರ್ ಆಥರೈಸೇಷನ್, ಅಂದರೆ ಇನ್ಶೂರೆನ್ಸ್‌ನ ಮುಂಗಡ ಒಪ್ಪಿಗೆ, ಬರವಣಿಗೆಯಲ್ಲಿ ಬರಲಿ. ಕ್ಲಿನಿಕ್‌ನಲ್ಲಿ ಚಿಕಿತ್ಸೆಯ ಬಿಲ್ಲಿಂಗ್ ಕೋಡ್ ಕೇಳಿ: ರೇಡಿಯೋ ತರಂಗದ್ದು 36475, ಲೇಸರ್‌ದು 36478. ಆ ನಂಬರ್ ಹೇಳಿ ಇನ್ಶೂರೆನ್ಸ್‌ಗೆ ಫೋನ್ ಮಾಡಿದರೆ ನಿಮ್ಮ ಪಾಲು ಎಷ್ಟೆಂದು ಹೇಳುತ್ತಾರೆ. ಮೊದಲ ದಿನವೇ ಎರಡೂ ಕಾಲಿಗೆ, ನಾಲ್ಕೈದು ನಾಳಕ್ಕೆ ಮಾಡಿಸಿ ಎಂದು ಅವಸರ ಮಾಡುವ ಕಡೆ ಸಹಿ ಹಾಕಬೇಡಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಇದಕ್ಕಾಗಲಿ ಬೇರೆ ತೊಂದರೆಗಾಗಲಿ ಸಿಟಿ, ಎಂಆರ್‌ಐ ಬರೆದುಕೊಟ್ಟರೆ ಎಲ್ಲಿ ಮಾಡಿಸುತ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ. ಅದೇ ಸ್ಕ್ಯಾನ್‌ಗೆ ಆಸ್ಪತ್ರೆಯೊಳಗಿನ ದರ ಹೊರಗಿನ ಇಮೇಜಿಂಗ್ ಸೆಂಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಹಣ ಕೊಡಲು ಶುರುಮಾಡುವ ಮುಂಚೆ ವರ್ಷಕ್ಕೆ ನೀವೇ ಕಟ್ಟಬೇಕಾದ ಮೊತ್ತ, ಮುಗಿಯದಿದ್ದರೆ ಅದು ನಿಮ್ಮ ಜೇಬಿಂದಲೇ ಹೋಗುತ್ತದೆ. ಬಿಲ್ ಎರಡು ಬರಬಹುದು, ಯಂತ್ರದ್ದೊಂದು, ಚಿತ್ರ ಓದಿದ ರೇಡಿಯಾಲಜಿಸ್ಟ್‌ದೊಂದು. ಇನ್ಶೂರೆನ್ಸ್ ಇಲ್ಲದವರು ಮುಂಚೆಯೇ ಬರವಣಿಗೆಯಲ್ಲಿ ಅಂದಾಜು ಕೇಳಬಹುದು. 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆ ಪ್ರಕಾರ, ಬಿಲ್ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಬಂದರೆ ತಕರಾರು ಹಾಕಬಹುದು.

ಎಂಆರ್‌ಐಗೆ ತಾಳಿ, ಬಳೆ, ಮೂಗುಬೊಟ್ಟು, ಕಾಲುಂಗುರ, ಗಂಡಸರ ಬೆಳ್ಳಿ ಉಡಿದಾರ ಎಲ್ಲ ತೆಗೆಯಬೇಕು. ಬಿಗಿಯಾದ ಕಾಲುಂಗುರವನ್ನು ಹಿಂದಿನ ರಾತ್ರಿಯೇ ಸೋಪು ನೀರು ಹಾಕಿ ತೆಗೆದಿಡಿ. ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡ್ ಇದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ. ಸಿಟಿಗೆ ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ಹಾಕುವ ಮದ್ದು, ಕೊಡುವುದಾದರೆ ಕಿಡ್ನಿ ತೊಂದರೆ, ಅಲರ್ಜಿ, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದು, ಯಾವುದನ್ನೂ ಬಿಡದೆ ತಿಳಿಸಿ. ಹೊರಡುವಾಗ ಚಿತ್ರಗಳ ಸಿಡಿ ಕೇಳಿ ಪಡೆಯಿರಿ, ಊರಿನ ಡಾಕ್ಟರಿಗೂ ತೋರಿಸಬಹುದು.

ಅಪ್ಪ ಅಮ್ಮ ಊರಿಂದ ಬರುವವರಿದ್ದರೆ, ಅವರಿಗೆ ಈ ತೊಂದರೆ ಇದ್ದರೆ ಅಲ್ಲೇ ತೋರಿಸಿಕೊಂಡು ಬರಲಿ. ಮೊದಲೇ ಇದ್ದ ಕಾಯಿಲೆಗೆ ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಬರುವುದಿಲ್ಲ. ಅಷ್ಟು ದೂರದ ವಿಮಾನ ಪ್ರಯಾಣದಲ್ಲಿ ಆಗಾಗ ಎದ್ದು ಓಡಾಡಲಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಬಂದಮೇಲೆ ಒಂದೇ ಕಾಲು ಊದಿ, ಬಿಸಿಯಾಗಿ, ನೋಯತೊಡಗಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆ ನೋವು, ಏದುಸಿರು ಬಂದರೆ ತಕ್ಷಣ 911ಕ್ಕೆ ಕರೆ ಮಾಡಿ. ಇನ್ಶೂರೆನ್ಸ್ ಇರಲಿ ಬಿಡಲಿ, ಎಮರ್ಜೆನ್ಸಿಗೆ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸಬೇಕು ಎಂದು 1986ರ ಕಾಯ್ದೆಯೇ ಇದೆ. ಬಿಲ್ ವಿಚಾರ ಆಮೇಲೆ ನೋಡಿಕೊಳ್ಳಬಹುದು. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ, ಫೋನಿನಲ್ಲಿ ಕೊಡಿಸುತ್ತಾರೆ, ಅದಕ್ಕೆ ದುಡ್ಡಿಲ್ಲ.