ಎಚ್‌ಐವಿ ಇರುವ ಗರ್ಭಿಣಿಗೆ ಡೌನ್ ಸಿಂಡ್ರೋಮ್ ತಪಾಸಣೆ: ಯಾವ ವಾರ, ಯಾವ ಪರೀಕ್ಷೆ

ಎಚ್‌ಐವಿ ಇದ್ದ ಮಾತ್ರಕ್ಕೆ ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಕ್ರೋಮೋಸೋಮ್ ದೋಷ) ಬರುವ ಸಾಧ್ಯತೆ ಹೆಚ್ಚುವುದಿಲ್ಲ. ಅದು ಹೆಚ್ಚುವುದು ತಾಯಿಯ ವಯಸ್ಸಿನ ಜೊತೆ. ಎಚ್‌ಐವಿ ಲೆಕ್ಕಕ್ಕೆ ಬರುವುದು ಗರ್ಭದ ನೀರು ತೆಗೆದು ಪರೀಕ್ಷಿಸಲು ಹೊಟ್ಟೆಗೆ ಸೂಜಿ ಹಾಕಬೇಕಾದಾಗ: ತಾಯಿಯ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ ಅದು ಸೂಜಿಯ ಜೊತೆ ಮಗುವಿನತ್ತ ದಾಟಬಹುದು.

ಆದ್ದರಿಂದ ತಾಯಿ ಕಾರ್ಡ್ ಮಾಡಿಸಿದ ಕೂಡಲೇ ಎಆರ್‌ಟಿ (ಎಚ್‌ಐವಿ ಔಷಧ ಕೊಡುವ) ಕೇಂದ್ರದಲ್ಲಿ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ಪರೀಕ್ಷೆಗೆ ಕೇಳಿ. ಅಲ್ಲಿ ಅದು ಉಚಿತ. ‘ಹತೋಟಿಯಲ್ಲಿದೆ’ ಎಂಬ ಮಾತಷ್ಟೇ ಸಾಲದು, ಸಂಖ್ಯೆಯನ್ನೇ ಬರೆಸಿಕೊಳ್ಳಿ. ಮಿಲಿಲೀಟರಿಗೆ 1,000 ವೈರಸ್ ಪ್ರತಿಗಳೊಳಗಿದ್ದರೂ ಹತೋಟಿ ಎನ್ನುವುದುಂಟು, ಆದರೆ ಸೂಜಿ ಪರೀಕ್ಷೆಗೆ 50ಕ್ಕಿಂತ ಕಡಿಮೆ ಇರಬೇಕು. ಮಾತ್ರೆ ತಪ್ಪಿಸದಿದ್ದರೂ ಸಂಖ್ಯೆ ಇಳಿಯುತ್ತಿಲ್ಲವೇ? ಮೊದಲು ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳ ಹೊತ್ತು ನೋಡಿ. ಖಾಲಿ ಹೊಟ್ಟೆಯಲ್ಲಿ ಡೋಲುಟೆಗ್ರಾವಿರ್ (ಎಆರ್‌ಟಿ ಮಾತ್ರೆಯಲ್ಲಿರುವ ಔಷಧ) ಜೊತೆಗೆ ಇವನ್ನು ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಆರ್‌ಟಿ ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಇಲ್ಲವೇ ಎಲ್ಲವನ್ನೂ ಊಟದ ಜೊತೆಗೇ ನುಂಗಿ.

ಮೊದಲ ತಪಾಸಣೆಗೆ 11 ವಾರದಿಂದ 13 ವಾರ 6 ದಿನದವರೆಗೆ ಸಮಯ. ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದ 45ರಿಂದ 84 ಮಿ.ಮೀ. ಇದ್ದಾಗ ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ, ಜೊತೆಗೆ ರಕ್ತದಲ್ಲಿ ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ ಎಂಬ ಎರಡು ಅಂಶ ನೋಡುತ್ತಾರೆ. ಇದನ್ನು ತಪ್ಪಿಸಿಕೊಳ್ಳಬೇಡಿ. ತಪ್ಪಿದರೆ 15ರಿಂದ 20 ವಾರದಲ್ಲಿ ಕ್ವಾಡ್ರುಪಲ್ ಪರೀಕ್ಷೆ (ರಕ್ತದಲ್ಲಿ ನಾಲ್ಕು ಅಂಶ ನೋಡುವುದು) ಇದೆಯಾದರೂ, ಎಚ್‌ಐವಿ ಮತ್ತು ಕೆಲವು ಎಆರ್‌ಟಿ ಔಷಧಗಳು ಅದರಲ್ಲಿ ಅಳೆಯುವ ಅಂಶಗಳನ್ನು ಏರುಪೇರು ಮಾಡಬಲ್ಲವು. ಮಗು ಚೆನ್ನಾಗಿದ್ದೂ ‘ಹೈ ರಿಸ್ಕ್’ ಎಂದು ಬಂದೀತು.

ಹೈ ರಿಸ್ಕ್ ಬಂದರೆ ನೇರ ಸೂಜಿಗೆ ಹೋಗದೆ, ಕೈಗೆಟುಕಿದರೆ ಎನ್‌ಐಪಿಟಿ (ತಾಯಿಯ ರಕ್ತದಲ್ಲಿ ಸೇರಿರುವ ಮಗುವಿನ ಡಿಎನ್‌ಎ ನೋಡುವ ಪರೀಕ್ಷೆ) ಮಾಡಿಸಿ. 10 ವಾರ ದಾಟಿದ ಮೇಲೆ ತಾಯಿಯ ತೋಳಿನ ರಕ್ತವಷ್ಟೇ ಸಾಕು; ಡೌನ್ ಸಿಂಡ್ರೋಮ್ ಇದ್ದರೆ 100ರಲ್ಲಿ ಸುಮಾರು 99 ಬಾರಿ ಹಿಡಿಯುತ್ತದೆ. ಖಾಸಗಿಯಲ್ಲಿ ದುಬಾರಿ, ನಿಜ. ತಾಯಿಯ ತೂಕ ಬಹಳವಿದ್ದರೆ ಮಗುವಿನ ಡಿಎನ್‌ಎ ಸಾಲದೆ ಮತ್ತೆ ರಕ್ತ ಕೊಡಬೇಕಾಗಬಹುದು. ಇದೂ ತಪಾಸಣೆಯೇ, ಅಂತಿಮ ತೀರ್ಪಲ್ಲ.

ಖಚಿತವಾಗಿ ತಿಳಿಯಲು ಆಮ್ನಿಯೋಸೆಂಟೆಸಿಸ್ ಬೇಕು: 15 ವಾರ ತುಂಬಿದ ಮೇಲೆ, ಸ್ಕ್ಯಾನಿಂಗ್ ನೋಡುತ್ತ, ಆದಷ್ಟು ಮಾಸು ತಾಗದ ದಾರಿಯಲ್ಲಿ 15–20 ಮಿ.ಲೀ. ಗರ್ಭದ ನೀರು ತೆಗೆಯುತ್ತಾರೆ. ವೈರಲ್ ಲೋಡ್ 50ರ ಮೇಲಿದ್ದರೆ ಮುಂದೂಡುವುದೇ ಸರಿ. ಕಾಯಲು ಆಗದಿದ್ದರೆ ಯಾವ ಔಷಧ ಸೇರಿಸಬೇಕೆಂದು ಪ್ರಸೂತಿ ತಜ್ಞರೂ ಎಆರ್‌ಟಿ ವೈದ್ಯರೂ ಮೊದಲೇ ಮಾತಾಡಿಕೊಳ್ಳಲಿ. ತಾಯಿಯ ಲಿಖಿತ ಒಪ್ಪಿಗೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರ್ಮ್ ‘ಜಿ’ಯಲ್ಲಿ ಇರಬೇಕು; ಮಗುವಿನ ಲಿಂಗ ಯಾರೂ ಹೇಳುವಂತಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಆಸ್ಪತ್ರೆ ಈ ಸೇವೆ ನಿರಾಕರಿಸುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ.

ಪೂರ್ಣ ವರದಿಗೆ 2–3 ವಾರ ಹಿಡಿಯುತ್ತದೆ. ಗಂಭೀರ ದೋಷವಿದ್ದಾಗ ಗರ್ಭಪಾತಕ್ಕೆ ಇಬ್ಬರು ವೈದ್ಯರ ಒಪ್ಪಿಗೆ ಸಾಕಾಗುವುದು 24 ವಾರದವರೆಗೆ, ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಮುಂದೂಡುವಾಗ ಈ ದಿನಗಳನ್ನೂ ಕೂಡಿ ಕಳೆದು ನೋಡಿ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಸೂಜಿ ಹಾಕಿದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೇಳಿ ಪಡೆಯಿರಿ.