ಹಳೇ ಕ್ಯಾಮೆರಾ ಬಾಡಿ ಬದಲಿಸಬೇಕಾ? ಮೊದಲು ಕೆಟ್ಟ ಫೋಟೊಗಳನ್ನು ನೋಡಿ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಭಕ್ತರು ಪವಿತ್ರವೆಂದು ಕಾಣುವ ಪರುಷ ಬಟ್ಟಲು ತೋರಿಸಿದ್ದೇ ತಡ, ಜನ ಹಗ್ಗಕ್ಕೆ ಕೈ ಹಾಕುತ್ತಾರೆ. ಉತ್ತತ್ತಿ, ಬಾಳೆಹಣ್ಣು ತೇರಿನತ್ತ ಹಾರುತ್ತವೆ. ಬೆಳಕು ನಿಮಿಷ ನಿಮಿಷಕ್ಕೂ ಕಡಿಮೆಯಾಗುತ್ತದೆ. ಅಂಥ ಒಂದು ಸಂಜೆ ನನ್ನ ನಿಕಾನ್ ಡಿ90ಯಲ್ಲಿ ತೆಗೆದ ಫೋಟೊಗಳಲ್ಲಿ ಮುಕ್ಕಾಲು ಪಾಲು ಮಸುಕಾಗಿದ್ದವು. ಕ್ಯಾಮೆರಾ ಹಳೆಯದಾಯಿತು ಅಂದುಕೊಂಡು ಅದೇ ರಾತ್ರಿ ಹೊಸ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ರೇಟ್ ಹುಡುಕಲು ಕೂತೆ.

ಮರುದಿನ ಕ್ಯಾಮೆರಾ ರಿಪೇರಿ ಮಾಡುವವರಿಗೆ ತೋರಿಸಿದೆ. ಅವರು ನಾಲ್ಕು ಕ್ಲಿಕ್ ಮಾಡಿ ನೋಡಿ, "ಬಾಡಿಗೇನೂ ಆಗಿಲ್ರೀ ಸರ್, ಚಲೋ ಅದ. ಲೆನ್ಸ್ ಬ್ಯಾರೆ ತಗೋರಿ" ಅಂದರು. ಅವರ ಮಾತು ಎಷ್ಟು ಸರಿ ಅನ್ನುವುದು ಮನೆಗೆ ಬಂದು ಫೋಟೊಗಳನ್ನು ಒಂದೊಂದಾಗಿ ನೋಡಿದಾಗ ಗೊತ್ತಾಯಿತು. ನೀವೂ ಅಲ್ಲಿಂದಲೇ ಶುರು ಮಾಡಿ.

ಕೆಟ್ಟ ಫೋಟೊಗಳನ್ನು ಗುಂಪು ಮಾಡಿ

ಹಾಳಾದ ಫೋಟೊಗಳನ್ನು ಡಿಲೀಟ್ ಮಾಡಬೇಡಿ. ಐವತ್ತು ಫೋಟೊ ಆರಿಸಿ ಒಂದು ಫೋಲ್ಡರ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಪೂರ್ತಿ ಜೂಮ್ ಮಾಡಿ ನೋಡಿ. ಕಂಬ, ಗೋಡೆ, ಜನ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನಿಮ್ಮ ಕೈ ಅಲುಗಿದೆ. ಕಂಬ ಚೆನ್ನಾಗಿದ್ದು ಮನುಷ್ಯ ಮಾತ್ರ ಕದಡಿದ್ದರೆ ಶಟರ್ ಸ್ಪೀಡ್, ಅಂದರೆ ಬೆಳಕು ಬಿಡುವ ಪರದೆ ತೆರೆದು ಮುಚ್ಚುವ ವೇಗ, ಸಾಕಾಗಿಲ್ಲ. ಮುಖ ಮಸುಕು, ಹಿಂದಿನ ಅಂಗಡಿ ಬೋರ್ಡ್ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಎಲ್ಲ ಸ್ಪಷ್ಟವಾಗಿದ್ದೂ ರವೆ ಚೆಲ್ಲಿದಂತೆ ಕಾಳು ಕಾಳಾಗಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) ಜಾಸ್ತಿಯಾಗಿದೆ.

ನನ್ನ ಒಂದು ಫೋಟೊ ಹೀಗಿತ್ತು: ಹಗ್ಗ ಎಳೆಯುವ ಹುಡುಗನ ಮುಂಗೈ ಬರೀ ಬಿಳಿ ಗೆರೆ, ಹಿಂದಿನ ಕರೆಂಟ್ ಕಂಬದ ಮೇಲಿನ ನಂಬರ್ ಮಾತ್ರ ಓದುವಷ್ಟು ಸ್ಪಷ್ಟ. ಅಪರ್ಚರ್ (ಲೆನ್ಸ್ ಬಾಯಿ ತೆರೆಯುವ ಅಳತೆ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು) 5.6, ಐಎಸ್ಒ 3200, ಶಟರ್ 1/30 ಸೆಕೆಂಡ್. ಓಡುವ ಜನರಿಗೆ 1/30 ಎಲ್ಲಿ ಸಾಕು? ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್ ಜೂಮ್ ಮಾಡಿದರೆ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 1.8 ಅಪರ್ಚರ್‌ನ ಲೆನ್ಸ್ ಆಗಿದ್ದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತಿತ್ತು. ಅದೇ ಐಎಸ್ಒದಲ್ಲಿ ಶಟರ್ 1/300ರ ಹತ್ತಿರ ಹೋಗುತ್ತಿತ್ತು. 2.8ಕ್ಕೆ ಇಟ್ಟರೂ 1/125 ಸಿಗುತ್ತಿತ್ತು. ನಾನು 50 ಎಂಎಂ 1.8 ಡಿ ಲೆನ್ಸ್ ತಗೊಂಡೆ, ಮುಂದಿನ ಜಾತ್ರೆಗೆ ಅದೇ ಹಳೇ ಬಾಡಿಯನ್ನೇ ಒಯ್ದೆ. ಕೈಗಳು ಕೈಗಳಾಗಿಯೇ ಬಂದವು. ಜಂಗುಳಿಯಲ್ಲಿ ಹಿಂದೆ ಸರಿಯಲು ಜಾಗ ಸಿಗದವರಿಗೆ ಹೆಚ್ಚು ಅಗಲ ಹಿಡಿಯುವ 35 ಎಂಎಂ ಇನ್ನೂ ಅನುಕೂಲ.

ಬೀದರಿನ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಗಳನ್ನು ಬೆಳಗಿನ ಬಿಸಿಲಲ್ಲಿ ತೆಗೆಯುವವರಿಗೆ ಡಿ90ಯಂಥ 2008ರ ಬಾಡಿಯೂ ಸಾಕು. ಡಿ90ಯ 12 ಮೆಗಾಪಿಕ್ಸೆಲ್ ಫೋಟೊವನ್ನು 14 ಇಂಚು ಅಗಲಕ್ಕೆ ಪ್ರಿಂಟ್ ಹಾಕಿದರೂ ಇಂಚಿಗೆ 300 ಚುಕ್ಕೆ ಉಳಿಯುತ್ತವೆ. ಇನ್ನು ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ಹಕ್ಕಿಗಳು ಚಿಕ್ಕದಾಗಿ ಬರುತ್ತಿವೆಯೆಂದರೆ ಬೇಕಿರುವುದು ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಲೆನ್ಸ್.

ಬಾಡಿಯ ಆರೋಗ್ಯ ನೋಡಿ

ಅಪರ್ಚರ್ 22ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಮೋಡವಿಲ್ಲದ ಆಕಾಶದ ಫೋಟೊ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತಿದೆ. ತೊಗರಿ ರಾಶಿ ನಡೆಯುವಲ್ಲಿ ಲೆನ್ಸ್ ಬದಲಿಸಿದರೆ ಇದು ಆಗಿಯೇ ಆಗುತ್ತದೆ. ಬಾಯಿಂದ ಊದಬೇಡಿ. ಪಂಕ್ಚರ್ ಅಂಗಡಿಯ ಗಾಳಿಯನ್ನಂತೂ ಹತ್ತಿರ ಬಿಡಲೇಬೇಡಿ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಬಳಸಿ. ಹೋಗದಿದ್ದರೆ ಗೊತ್ತಿರುವವರ ಕೈಲಿ ಕ್ಲೀನ್ ಮಾಡಿಸಿ. ಕಿತ್ತ ಗ್ರಿಪ್ ರಬ್ಬರ್, ಸುಸ್ತಾದ ಬ್ಯಾಟರಿ ಇವೆಲ್ಲ ಬಾಡಿ ಬದಲಿಸುವ ಕಾರಣಗಳಲ್ಲ.

ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನುವುದನ್ನು, ನೋಡಲೇಬೇಕು. ಡಿ90ಯ ಶಟರನ್ನು ಕಂಪನಿ 1 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿದೆ. ಲಕ್ಷ ದಾಟಿದ ಕೂಡಲೇ ನಿಲ್ಲುತ್ತದೆ ಅಂತಲ್ಲ, ಆದರೆ ದುಡ್ಡು ತಗೊಂಡು ಮದುವೆ ಫೋಟೊ ತೆಗೆಯುವವರು ಅಷ್ಟರೊಳಗೆ ಇನ್ನೊಂದು ಬಾಡಿ ಜೊತೆಗಿಟ್ಟುಕೊಳ್ಳಬೇಕು.

ಲೆನ್ಸ್ ಹೊಂದುತ್ತದಾ?

ಜನ ಜಾಸ್ತಿ ಎಡವುವುದು ಇಲ್ಲೇ. ನನ್ನ 50 ಎಂಎಂ ಡಿ ಲೆನ್ಸ್ ಒಳಗೆ ಫೋಕಸ್ ತಿರುಗಿಸುವ ಮೋಟರ್ ಇಲ್ಲ. ಡಿ90 ಬಾಡಿಯಲ್ಲಿರುವ ಮೋಟರ್ ಅದನ್ನು ತಿರುಗಿಸುತ್ತದೆ. ಹೊಸದು ಅಂತ ಡಿ3500 ಅಥವಾ ಡಿ5600 ತಗೊಂಡರೆ ಇದೇ ಲೆನ್ಸ್‌ನಲ್ಲಿ ಆಟೊಫೋಕಸ್ ಇರುವುದಿಲ್ಲ. ಕೈಯಿಂದಲೇ ತಿರುಗಿಸಬೇಕು. ನಿಕಾನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗೆ ಹಳೇ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಅದೇ ಕಥೆ. ಎಎಫ್-ಎಸ್ ಅಂತ ಬರೆದಿರುವ ಲೆನ್ಸ್‌ಗಳಿಗೆ ಈ ತೊಂದರೆ ಇಲ್ಲ. ಕ್ಯಾನನ್‌ನವರ ಇಎಫ್ ಲೆನ್ಸ್‌ಗಳಲ್ಲಿ ಮೋಟರ್ ಒಳಗೇ ಇರುತ್ತದೆ, ಅಡಾಪ್ಟರ್ ಹಾಕಿದರೆ ಅವರ ಮಿರರ್‌ಲೆಸ್‌ನಲ್ಲೂ ನಡೆಯುತ್ತವೆ. ಆದರೆ ಚಿಕ್ಕ ಸೆನ್ಸರ್‌ಗೆಂದು ಮಾಡಿದ ಇಎಫ್-ಎಸ್ ಲೆನ್ಸ್ 6ಡಿಯಂಥ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಡಿಎಸ್‌ಎಲ್‌ಆರ್‌ಗೆ (ಕನ್ನಡಿ ಇರುವ ಕ್ಯಾಮೆರಾಗೆ) ಕೂರುವುದೇ ಇಲ್ಲ.

ಬಾಡಿಯೇ ಸಾಲದಾದಾಗ

ಎರಡು ವರ್ಷ ಕಳೆದ ಮೇಲೆ ನಾನೂ ಬಾಡಿ ಬದಲಿಸಿದೆ. ರಾತ್ರಿ ಮದುವೆಗಳ ಕೆಲಸ ಬರತೊಡಗಿತ್ತು. ಪೆಂಡಾಲ್‌ನ ಮಂಕು ಬೆಳಕಲ್ಲಿ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಿತ್ತೇ ಹೊರತು ಫೋಕಸ್ ನಿಲ್ಲುತ್ತಿರಲಿಲ್ಲ. ಅಕ್ಷತೆ ಬೀಳುವ ಆ ಎರಡು ಸೆಕೆಂಡ್ ಕೈ ತಪ್ಪಿದರೆ ಮತ್ತೆ ಬರುತ್ತದಾ? ಆ ಸಲ ಕೆಟ್ಟ ಫೋಟೊಗಳನ್ನು ಗುಂಪು ಮಾಡಿದಾಗ ಹೆಚ್ಚಿನವು 'ಫೋಕಸ್ ತಪ್ಪಿದೆ' ಗುಂಪಿಗೇ ಬಿದ್ದವು. 1.8 ಲೆನ್ಸ್ ಇದ್ದೂ ಹಾಗಾಗಿತ್ತು. ಡಿ90ಯಲ್ಲಿ ಫೋಕಸ್ ಪಾಯಿಂಟ್ (ಫೋಕಸ್ ಹಿಡಿಯಬಲ್ಲ ಜಾಗಗಳು) 11, ನಾನು ತಗೊಂಡ ಡಿ7200ರಲ್ಲಿ 51. ಎರಡನೆಯದು ತೀರಾ ಕಡಿಮೆ ಬೆಳಕಲ್ಲೂ ಹಿಡಿಯುತ್ತದೆ. ಎರಡು ಕಾರ್ಡ್ ಹಾಕಲು ಜಾಗವೂ ಇದೆ. ಎರಡರಲ್ಲೂ ಫೋಟೊ ಉಳಿಯುವಂತೆ ಸೆಟ್ ಮಾಡಿದರೆ, ಒಂದು ಕಾರ್ಡ್ ಕೈಕೊಟ್ಟರೂ ಮದುಮಕ್ಕಳ ಫೋಟೊ ಉಳಿಯುತ್ತವೆ. ಹೊಸ ಮಾಡೆಲ್ ಅಂದ ಮಾತ್ರಕ್ಕೆ ಎಲ್ಲ ಜಾಸ್ತಿ ಇರುವುದಿಲ್ಲ: 2015ರ ಡಿ7200ರಲ್ಲಿ ಎರಡು ಕಾರ್ಡ್ ಜಾಗ ಇದ್ದರೆ, 2017ರ ಡಿ7500ರಲ್ಲಿ ಒಂದೇ. ನನ್ನ ಡಿ ಲೆನ್ಸ್ ಡಿ7200ರಲ್ಲಿ ಮೊದಲಿನಂತೆಯೇ ಓಡಿತು, ಅದಕ್ಕೇ ಆ ಬಾಡಿ ಆರಿಸಿದ್ದು.

ವಿಡಿಯೊ ಮುಖ್ಯ ಅನ್ನುವವರು ಮಿರರ್‌ಲೆಸ್ ಕಡೆ ನೋಡುವುದೇ ಸರಿ. ಬ್ಯಾಟರಿ ಲೆಕ್ಕ ಮಾತ್ರ ಹಾಕಿಕೊಳ್ಳಿ. ಒಂದೇ ಬಗೆಯ ಪರೀಕ್ಷೆಯಲ್ಲಿ ಒಂದು ಚಾರ್ಜ್‌ಗೆ ಡಿ90ಯಲ್ಲಿ 850 ಫೋಟೊ, ನಿಕಾನ್‌ನ ಮಿರರ್‌ಲೆಸ್ ಝಡ್6ರಲ್ಲಿ 310.

ಒಂದು ಸಂಜೆ ಬಾಡಿಗೆಗೆ ತನ್ನಿ

ಯಾವುದೇ ಬಾಡಿ ಕೊಳ್ಳುವ ಮುಂಚೆ ಪರಿಚಯದವರಿಂದಲೋ ಬಾಡಿಗೆಗೋ ಅದೇ ಮಾಡೆಲ್ ತಂದು, ನಿಮ್ಮ ಲೆನ್ಸ್ ಹಾಕಿ, ನಿಮಗೆ ತೊಂದರೆ ಕೊಟ್ಟ ಜಾಗದಲ್ಲೇ ತೆಗೆಯಿರಿ. ಎರಡೂ ಬಾಡಿಯ ಫೋಟೊ ಅಕ್ಕಪಕ್ಕ ಇಟ್ಟು ಮನೆಯವರಿಗೆ ತೋರಿಸಿ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ಆರು ತಿಂಗಳು ತಡೆಯಿರಿ. ಬಾಡಿಯ ಬೆಲೆಗೆ ಹೊಸ ಕಾರ್ಡ್, ಇನ್ನೊಂದು ಬ್ಯಾಟರಿ, ಹಾರ್ಡ್ ಡಿಸ್ಕ್ ಖರ್ಚನ್ನೂ ಸೇರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಕಾರ್ಡ್, ನಿಮ್ಮ ಲೆನ್ಸ್ ಒಯ್ಯಿರಿ. ಎರಡೂ ಕಾರ್ಡ್ ಜಾಗ, ಫ್ಲ್ಯಾಶ್ ಕೂರುವ ಜಾಗ, ಎಲ್ಲ ಬಟನ್ ಒತ್ತಿ ನೋಡಿ. ಆಕಾಶದ ಫೋಟೊ ಅಲ್ಲೇ ತೆಗೆಯಿರಿ. ಶಟರ್ ಕೌಂಟ್‌ಗೆ ಮಾರುವವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ನಂಬಬೇಡಿ, ಅದರಲ್ಲಿ ಆ ಮಾಹಿತಿ ಉಳಿದಿರುವುದಿಲ್ಲ. ನಿಕಾನ್ ಆದರೆ ನಿಮ್ಮ ಕಾರ್ಡ್‌ನಲ್ಲಿ ತೆಗೆದ ಮೂಲ ಫೋಟೊವನ್ನು ಕಂಪ್ಯೂಟರ್‌ಗೆ ಹಾಕಿ ಕೌಂಟ್ ನೋಡಿ, ಆಮೇಲೆ ದುಡ್ಡು ಕೊಡಿ.